ಎಲ್‌ಕೆಜಿಗೆ ಕುಂಕುಮ ಕೊಟ್ಟು ಕರೆದದ್ದು

ನಾನು ಮೂವತ್ತೊಂದು ವರ್ಷ ಏಳನೆಯ ತರಗತಿಗೆ ಗಣಿತ ಕಲಿಸಿದವನು. ನಾಲ್ಕು ವರ್ಷದ ಮಕ್ಕಳೆಂದರೆ ನನಗೆ ಒಳಗೊಳಗೇ ಹೆದರಿಕೆ. ಅವುಗಳಿಗೆ ಬೈಯುವಂತಿಲ್ಲ, ಬೈದರೆ ಅಳುತ್ತವೆ, ಅತ್ತರೆ ಮೂಗು ಸುರಿಯುತ್ತದೆ, ಅದನ್ನು ಒರೆಸಲು ನನ್ನ ಹತ್ತಿರ ಇರುವುದು ಡಸ್ಟರ್ ಒಂದೇ. ನಿವೃತ್ತಿಗೆ ಇನ್ನೆರಡು ವರ್ಷ ಇದೆ, ಹೇಗೋ ಮರ್ಯಾದೆಯಿಂದ ಹೊರಬಿದ್ದರಾಯಿತು ಅಂದುಕೊಂಡಿದ್ದ ನನ್ನ ಕೊರಳಿಗೆ ಎಲ್‌ಕೆಜಿ ಬಂದು ಬಿತ್ತು.

ಹುನಗುಂದ ತಾಲೂಕಿನ ಒಂದು ಹಳ್ಳಿಯ ಸರಕಾರಿ ಪ್ರಾಥಮಿಕ ಶಾಲೆಗೆ ನಾನು ಮುಖ್ಯೋಪಾಧ್ಯಾಯ. ಮೇ ಕೊನೆಗೆ ಮೇಲಿನಿಂದ ಒಂದು ಪತ್ರ ಬಂತು. ಈ ವರ್ಷದಿಂದ ನಿಮ್ಮಲ್ಲಿ ಎಲ್‌ಕೆಜಿ ತೆರೆಯಬಹುದು; ಜೂನ್ ಮುಗಿಯುವುದರೊಳಗೆ ಇಪ್ಪತ್ತು ಮಕ್ಕಳು ಸೇರಬೇಕು; ಸೇರದಿದ್ದರೆ ಆ ತರಗತಿ ಬೇರೆ ಊರಿಗೆ ಹೋಗುತ್ತದೆ. ಕಲಿಸಲು ಒಬ್ಬ ಅತಿಥಿ ಶಿಕ್ಷಕಿ ಬರುತ್ತಾರೆ, ಆದರೆ ಇಪ್ಪತ್ತು ಮಕ್ಕಳಾದ ಮೇಲೆ.

ನಮಗೆ ಬೇಡ ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದಿರಲು ಕಾರಣ ಮುಂಜಾನೆ ಎಂಟಕ್ಕೆ ಇಳಕಲ್ಲಿನಿಂದ ಬರುವ ಹಳದಿ ವ್ಯಾನು. ಅದು ಊರ ಅಗಸಿಬಾಗಿಲ ಮುಂದೆ ನಿಂತು ಹಾರ್ನ್ ಹೊಡೆದರೆ ಸಾಕು, ಎಳೆಯ ಕೂಸುಗಳು ಟೈ ಕಟ್ಟಿಕೊಂಡು ಹತ್ತಿಬಿಡುತ್ತವೆ. ನಾಲ್ಕನೆಯ ವಯಸ್ಸಿಗೆ ವ್ಯಾನು ಹತ್ತಿದ ಮಗು ಆರನೆಯ ವಯಸ್ಸಿಗೆ ಇಳಿದು ನಮ್ಮ ಒಂದನೆಯ ತರಗತಿಗೆ ಬರುವುದಿಲ್ಲ. ಹಿಂದಿನ ವರ್ಷ ಒಂದನೆಯ ತರಗತಿಗೆ ಸೇರಿದ್ದು ಆರೇ ಮಕ್ಕಳು. ಹೀಗೇ ಆದರೆ ನಾನು ನಿವೃತ್ತನಾಗುವ ಮೊದಲೇ ಶಾಲೆಗೆ ಬೀಗ ಬೀಳುತ್ತಿತ್ತು.

ಬೀಗ ಬಿದ್ದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಬಹುದು. ನನಗೆ ಶಾಲೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮಕ್ಕಳಿಲ್ಲ. ಹೆಂಡತಿ ಎರಡು ವರ್ಷದ ಹಿಂದೆ ಬಾಗಲಕೋಟೆಯ ದವಾಖಾನೆಯಲ್ಲಿ ಎಂಟು ದಿನ ಮಲಗಿ ತೀರಿಕೊಂಡಳು. ರವಿವಾರ ಬಂತೆಂದರೆ ನನಗೆ ಆಗಿಬರುವುದಿಲ್ಲ. ಬಾಡಿಗೆ ಮನೆಯ ಕಟ್ಟೆಯ ಮೇಲೆ ಕುಳಿತು ಸೋಮವಾರವನ್ನು ಕಾಯುತ್ತೇನೆ. ಇದನ್ನು ಯಾರ ಮುಂದೆಯೂ ಹೇಳಿದವನಲ್ಲ, ಹೇಳಿದರೆ ಜನ ಊಟಕ್ಕೆ ಕರೆಯುತ್ತಾರೆ.

ಶಾಲೆಯಲ್ಲಿ ನನ್ನನ್ನು ಬಿಟ್ಟರೆ ಇನ್ನಿಬ್ಬರು ಮಾಸ್ತರರು. ಇದ್ದ ಒಬ್ಬ ಶಿಕ್ಷಕಿ ಬಾದಾಮಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಮಾಸ್ತರರಿಬ್ಬರೂ ಸೇರಿ ಮೂಲೆಯ ಕೋಣೆಗೆ ಸುಣ್ಣ ಹೊಡೆದು, ಗೋಡೆಯ ಮೇಲೆ ಗಿಳಿ, ಮಾವಿನಹಣ್ಣು, ರೈಲು ಬರೆದರು. ಗಿಳಿ ಸ್ವಲ್ಪ ಕೋಳಿಯಂತೆ ಕಾಣುತ್ತಿತ್ತು. ಕೆಂಪು, ನೀಲಿ ಬಣ್ಣದ ಪುಟ್ಟ ಕುರ್ಚಿಗಳೂ ಬಂದವು. ಎಲ್‌ಕೆಜಿ ಎಂದರೇನು, ಅಲ್ಲಿ ಏನು ಮಾಡುತ್ತಾರೆ ಎಂದು ಮನೆಯವರಿಗೆ ತಿಳಿಸಿ ಹೇಳಲು ಜೂನ್ ಮೊದಲ ಶನಿವಾರ ಸಭೆ ಇಟ್ಟುಕೊಂಡೆ.

ಸಭೆಗೆ ಕರೆಯುವುದು ನನಗೆ ಹೊಸದಲ್ಲ. ಚಹಾದಂಗಡಿ, ಬಸವಣ್ಣನ ಗುಡಿಯ ಕಟ್ಟೆ, ಪಂಚಾಯಿತಿ ಮುಂದಿನ ಬೇವಿನ ನೆರಳು, ಎಲ್ಲೆಲ್ಲಿ ನಾಲ್ಕು ಜನ ಕೂಡುತ್ತಾರೋ ಅಲ್ಲೆಲ್ಲ ಹೋಗಿ ಕೈಮುಗಿದು ಬಂದೆ. ಮಕ್ಕಳ ಕೈಯಲ್ಲಿ ಮನೆಮನೆಗೆ ಚೀಟಿ ಕಳಿಸಿದೆ. ಆರು ಪುಟದ ಭಾಷಣ ಬರೆದುಕೊಂಡೆ.

ಸಭೆ ತುಂಬಿತು. ತುಂಬಿದ್ದು ಗಂಡಸರಿಂದ. ಒಬ್ಬ ಹೆಣ್ಣುಮಗಳಿಲ್ಲ, ಒಂದು ಕೂಸಿಲ್ಲ. ದೋತರ ಉಟ್ಟವರು, ಪ್ಯಾಂಟು ತೊಟ್ಟವರು, ಹೆಗಲ ಮೇಲೆ ಟವೆಲ್ಲು ಹಾಕಿದವರು, ಎಲ್ಲ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನನ್ನ ಆರು ಪುಟ ಕೇಳಿದರು. ಮಕ್ಕಳ ಮಿದುಳು ಯಾವ ವಯಸ್ಸಿಗೆ ಎಷ್ಟು ಬೆಳೆಯುತ್ತದೆ ಎಂದು ಹೇಳುವಾಗ ತಲೆದೂಗಿದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ ಒಬ್ಬರು ಎದ್ದು ನಿಂತು, "ಸರ, ಮರೋಳದ ಕಾಲುವಿ ನೀರು ಈ ಸಲ ಯಾವಾಗ ಬಿಡ್ತಾರ್ರಿ?" ಎಂದರು. ಸರಕಾರದ ಪಗಾರ ತಿನ್ನುವವನಿಗೆ ಸರಕಾರದ ಎಲ್ಲ ಸುದ್ದಿ ಗೊತ್ತಿರಬೇಕೆಂಬುದು ನಮ್ಮ ಕಡೆಯ ಲೆಕ್ಕ. ಚಹಾ ಆಯಿತು. "ಕಳಸ್ತೇವ್ರಿ ಸರ, ನಮ್ಮ ಸಾಲಿ ನಾವು ಉಳಿಸ್ಕೋಬೇಕ್ರಿ" ಎಂದು ಒಬ್ಬೊಬ್ಬರೇ ಹೆಸರು ಬರೆಸಿದರು. ಮೂವತ್ತೊಂದು ಹೆಸರು. ನನ್ನ ನೌಕರಿಯ ವರ್ಷಕ್ಕೆ ಒಂದರಂತೆ ಆಯಿತಲ್ಲ ಎಂದು ಒಬ್ಬನೇ ಬೀಗಿದೆ.

ಸೋಮವಾರ ಮೂಲೆಯ ಕೋಣೆಯ ಬಾಗಿಲು ತೆರೆದು ಕುಳಿತೆ. ಎಂಟಕ್ಕೆ ವ್ಯಾನಿನ ಹಾರ್ನ್ ಕೇಳಿಸಿತು. ಹತ್ತಾಯಿತು, ಹನ್ನೊಂದಾಯಿತು. ಒಂದು ಮಗುವೂ ಬರಲಿಲ್ಲ. ನಾನು ಮತ್ತು ಇಪ್ಪತ್ತೈದು ಪುಟ್ಟ ಕುರ್ಚಿಗಳು ಎದುರುಬದುರು ಕುಳಿತಿದ್ದೆವು. ಮಂಗಳವಾರವೂ ಅಷ್ಟೇ.

ಬುಧವಾರ ಚಹಾದಂಗಡಿಗೆ ಹೋಗಿ ಬಾಯಿಗೆ ಬಂದಂತೆ ಅಂದೆ. ಹೆಸರು ಬರೆಸಿ ಹೋಗುವುದಕ್ಕೆ ನಾಚಿಕೆ ಬೇಡವೇ, ಗಂಡಸರ ಮಾತಿಗೆ ಬೆಲೆ ಇಲ್ಲವೇ ಎಂದೆಲ್ಲ. ಒಬ್ಬ ಬಶಿಯಲ್ಲಿ ಚಹಾ ಆರಿಸುತ್ತ, "ನಾವು ಹ್ಞೂಂ ಅಂದೇವ್ರಿ ಸರ. ಮನ್ಯಾಗ ಒಪ್ಪವಲ್ಲರು" ಎಂದ. ನಾನು ಎದ್ದು ಬಂದೆ. ಆಮೇಲೆ ಎರಡು ದಿನ ಶಾಲೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಸಿಟ್ಟು ಬಂದರೆ ನಾನು ಕೂಗಾಡುವುದು ಅರ್ಧ ಗಳಿಗೆ, ಬಾಯಿ ಮುಚ್ಚಿಕೊಂಡಿರುವುದು ದಿನಗಟ್ಟಲೆ. ಮಾಸ್ತರರಿಬ್ಬರಿಗೂ ಇದು ಗೊತ್ತು. ಅವರು ನನ್ನ ಕೋಣೆಯ ಕಡೆಗೆ ಸುಳಿಯಲಿಲ್ಲ.

ಸುಳಿದವಳು ಅಡುಗೆಯವ್ವ. ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಣ್ಣುಮಗಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳು, ಗಂಡ ಸತ್ತು ಬಹಳ ದಿನವಾಗಿದೆ. ಶುಕ್ರವಾರ ಊಟದ ತಾಟು ತಂದು ಮೇಜಿನ ಮೇಲಿಟ್ಟು ನಿಂತಳು.

"ಸರ, ಸಿಟ್ಟಾಗಂಗಿಲ್ಲಂದ್ರ ಒಂದ ಮಾತ ಹೇಳತೇನಿ."

ನಾನು ತಲೆ ಎತ್ತಲಿಲ್ಲ. ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

"ಹೆಣ್ಮಕ್ಕಳನ್ನ ಕರದಾವ್ರು ಯಾರ್ರಿ?"

"ಮನಿಮನಿಗೆ ಚೀಟಿ ಕೊಟ್ಟೇನಿ."

"ಚೀಟಿ ಕರಂಟ್ ಬಿಲ್ಲಿಗೂ ಬರ್ತೈತ್ರಿ. ಕೂಸಿನ ಕಾರ್ಯಾಕ ಬಾಗಲಕ್ಕ ಬಂದು, ಕುಂಕುಮ ಹಚ್ಚಿ ಕರೀಬೇಕ್ರಿ. ಕರೀಲಾರದ ಯಾರ ಬರ್ತಾರ್ರಿ? ಅದೂ ಹಾಲ ಬಿಡಿಸಿ ಎರಡ ವರ್ಷ ಆಗಿರಂಗಿಲ್ಲ, ಅಂಥಾ ಕೂಸನ್ನ ಕಟಗೊಂಡು?"

ಇದೇನು ಮದುವೆಯೇ, ಸೀಮಂತವೇ ಎಂದು ನಾನು ರೇಗಿದೆ. ಇಷ್ಟು ವರ್ಷ ಪಾಲಕರ ಸಭೆಗೆ, ಸ್ವಾತಂತ್ರ್ಯ ದಿನಕ್ಕೆ, ಮಕ್ಕಳ ಹಬ್ಬಕ್ಕೆ ಹೆಂಗಸರು ಕೋಣೆ ತುಂಬ ಬರುತ್ತಿರಲಿಲ್ಲವೇ, ಅವರನ್ನು ಯಾವ ಕುಂಕುಮ ಕರೆದಿತ್ತು ಎಂದೆ. ಅಡುಗೆಯವ್ವ ನನ್ನನ್ನು ನೋಡಿದಳು. ಇವನಿಗೆ ಖರೇನೇ ಗೊತ್ತಿಲ್ಲವೋ, ಆಟ ಹೂಡಿದ್ದಾನೋ ಎಂದು ಅಳೆಯುವ ನೋಟ ಅದು.

"ನಿಮ್ಮ ಮನಿಯವ್ರು ಕರೀತಿದ್ರಲ್ರಿ. ಸಭಾದ ಹಿಂದಿನ ದಿನ ಸಂಜಿಮುಂದ, ಅಗಸಿಯಿಂದ ಹಿಡದು ಹರಿಜನ ಕೇರಿತನಕ. ಮಸೂತಿ ಓಣ್ಯಾಗ ಕುಂಕುಮ ನಡೆಯಂಗಿಲ್ಲಂತ ಸಕ್ಕರಿ ಕೊಟ್ಟು ಕರೀತಿದ್ರು. ನಾ ಕೂಡ ಹೋಗತಿದ್ನಿ."

ಈ ಊರಿಗೆ ಬಂದು ಹದಿನಾಲ್ಕು ವರ್ಷ. ಅದರಲ್ಲಿ ಹನ್ನೆರಡು ವರ್ಷ ನನ್ನ ಹೆಂಡತಿ ಹೀಗೆ ಸುತ್ತಿದ್ದಾಳೆ, ನನಗೆ ತಿಳಿಯದು. ಸಂಜೆ ಅವಳು ಸೆರಗು ಹೊದ್ದು, "ಓಣ್ಯಾಗ ಹೋಗಿ ಬರ್ತೇನ್ರಿ" ಎಂದರೆ, ಹರಟೆಗೆ ಹೊರಟಳೆಂದು ನಾನು ಮುಖ ಗಂಟಿಕ್ಕುತ್ತಿದ್ದೆ. ಒಮ್ಮೆ, "ನಿನಗ ಮನಿ ಅನ್ನೂದು ಹಿಡಿಸಂಗೇ ಇಲ್ಲ" ಎಂದು ಅಂದೂ ಇದ್ದೆ. ಮರುದಿನ ಸಭೆಯಲ್ಲಿ ಹೆಂಗಸರು ತುಂಬಿರುವುದನ್ನು ಕಂಡು ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾಗುತ್ತಿದ್ದೆ. ಅವಳು ಹೋದ ಮೇಲೆ ಸಭೆಗಳು ಬಣಗುಟ್ಟತೊಡಗಿದವು. ಅದಕ್ಕೆ ನಾನು ಟಿವಿಯನ್ನು, ಮೊಬೈಲನ್ನು, ಕಾಲವನ್ನು ಬೈದೆ.

"ಹಂಗಾರ ನೀ ಹೋಗಿ ಕರದು ಬಾ" ಎಂದೆ.

"ನಾ ಹಚ್ಚಾಕ ಬರಂಗಿಲ್ರಿ, ಗೊತ್ತೈತೆಲ್ಲ ನಿಮಗ" ಎಂದಳು. ಅದರಲ್ಲಿ ದುಃಖವೇನೂ ಇರಲಿಲ್ಲ, ಉಪ್ಪು ತೀರಿದೆ ಎಂದು ಹೇಳಿದ ಹಾಗೆಯೇ ಹೇಳಿದಳು. ಆಮೇಲೆ, "ನೀವ ಬರ್ರಿ. ನಾ ಕೂಡ ಇರತೇನಿ. ಭರಣಿ ನೀವ ಹಿಡೀರಿ, ಅವರ ಹಚಗೋತಾರ" ಎಂದಳು.

ಮನೆಯಲ್ಲಿ ಕುಂಕುಮದ ಭರಣಿ ಇರಲಿಲ್ಲ. ಬನಶಂಕರಿ ಜಾತ್ರೆಯಲ್ಲಿ ಕೊಂಡದ್ದೊಂದು ಹಿತ್ತಾಳೆಯದು ಇತ್ತು, ಹೆಂಡತಿ ತೀರಿದ ಮೇಲೆ ಅವಳ ತಂಗಿ ಒಯ್ದಿದ್ದಳು. ನಾನು ಇಳಕಲ್ ಪೇಟೆಗೆ ಹೋಗಿ ಹೊಸದು ಕೊಂಡೆ. ಅಂಗಡಿಯವನು ಕುಂಕುಮ ಕಟ್ಟುತ್ತ, "ಮನ್ಯಾಗ ಏನ್ ಕಾರ್ಯಾರಿ?" ಎಂದ. ಮನೆಯಲ್ಲಿ ಕಾರ್ಯ ಎಂದು ನನ್ನನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಸಾಲಿ ಕಾರ್ಯ ಎಂದೆ. ಅವನು ಅರ್ಥವಾದವನಂತೆ ನಕ್ಕ.

ಮರುದಿನ ಸಂಜೆ ಹೊರಟೆವು. ಅಡುಗೆಯವ್ವ ಎರಡು ಹೆಜ್ಜೆ ಮುಂದೆ, ನಾನು ಭರಣಿ ಹಿಡಿದು ಹಿಂದೆ. ಮೊದಲ ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದವಳೇ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾನು ಭರಣಿ ಮುಂದೆ ಚಾಚಿ, ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಓದುವ ದನಿಯಲ್ಲಿ, "ಬುಧವಾರ ಹತ್ತು ಗಂಟೆಗೆ ಕೂಸನ್ನ ಕರಕೊಂಡು ಸಾಲಿಗೆ ಬರ್ರಿ" ಎಂದೆ. ಅವಳು ಹಣೆಗೆ ಹಚ್ಚಿಕೊಂಡು, ಒಳಗಿದ್ದ ಅತ್ತೆಗೆ ಹಚ್ಚಲೆಂದು ಒಂದು ಚಿಟಿಕೆ ತೆಗೆದುಕೊಂಡು ಒಳಗೆ ಹೋದಳು. ಮೂರನೆಯ ಮನೆ ಮುಟ್ಟುವುದರೊಳಗೆ ಮಾಸ್ತರ ಕುಂಕುಮ ತಂದಾರಂತ ಎಂಬ ಸುದ್ದಿ ನಮಗಿಂತ ಮುಂದೆ ಓಡಿತ್ತು. ಹೆಂಗಸರು ಬಾಗಿಲಲ್ಲಿ ಕಾಯುತ್ತ ನಿಂತಿದ್ದರು.

ಆರು ಪುಟದಲ್ಲಿ ಇಲ್ಲದ ಪ್ರಶ್ನೆಗಳನ್ನು ಅವರು ಬಾಗಿಲಲ್ಲೇ ಕೇಳಿದರು. ಅಂಗನವಾಡಿಯಲ್ಲಿ ತತ್ತಿ ಕೊಡುತ್ತಾರೆ, ನಿಮ್ಮಲ್ಲಿ? ಒಂದಕ್ಕೆ ಬಂದರೆ ಚಡ್ಡಿ ಬಿಚ್ಚುವವರು ಯಾರು? ಮಧ್ಯಾಹ್ನ ನಿದ್ದೆ ಬಂದರೆ? ದೊಡ್ಡ ಹುಡುಗರು ನೂಕಿ ಬೀಳಿಸಿದರೆ? ವ್ಯಾನಿನವರು ಇಂಗ್ಲಿಷ್ ಹಾಡು ಕಲಿಸುತ್ತಾರಂತೆ, ನಿಮ್ಮ ಗೋಡೆಯ ಗಿಳಿ ಮಾತಾಡುತ್ತದೆಯೇ? ಮೊದಲು ಗಂಟಲು ಸರಿಮಾಡಿಕೊಂಡು ಉತ್ತರಿಸುತ್ತಿದ್ದೆ. ಆಮೇಲೆ ಅಡುಗೆಯವ್ವ, "ಚಡ್ಡಿ ನಾ ಬಿಚ್ಚತೇನಿ, ತಗೀ" ಎಂದು ಹೇಳತೊಡಗಿದಳು. ಅದು ನನ್ನ ಉತ್ತರಕ್ಕಿಂತ ಹೆಚ್ಚು ನಾಟಿತು. ಮಸೂತಿ ಓಣಿಯಲ್ಲಿ ಸಕ್ಕರೆ ಕೊಟ್ಟೆವು.

ಕೊನೆಗೆ ಕುರುಬರ ಓಣಿ. ಬೀರಪ್ಪ ದೇವರ ಒಕ್ಕಲಿನ ಒಂದು ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಉಣ್ಣೆ ಹಿಂಜುತ್ತ ಕುಳಿತಿದ್ದಳು. ಮಗ ಕುರಿ ಹೊಡೆದುಕೊಂಡು ದೂರ ಹೋಗಿದ್ದ, ಸೊಸೆ ಒಳಗಿದ್ದಳು, ಮೊಮ್ಮಗಳು ಅಜ್ಜಿಯ ಬೆನ್ನಿಗೆ ಅಂಟಿಕೊಂಡು ನನ್ನನ್ನು ನೋಡುತ್ತಿದ್ದಳು. ಸೊಸೆ ಬಂದು ಕುಂಕುಮ ಹಚ್ಚಿಕೊಂಡು ಹೋದಳು. ಮುದುಕಿ, "ನಿಮ್ಮ ಮನಿಯವ್ರು ಹ್ವಾದ ಮ್ಯಾಲ ಸಾಲಿಯಿಂದ ನಮ್ಮ ಬಾಗಲಕ್ಕ ಯಾರೂ ಬಂದಿದ್ದಿಲ್ಲ ನೋಡ್ರಿ ಮಾಸ್ತರ" ಎಂದಳು.

ಕಾಲು ಸೋತಿದ್ದವು. ಕಟ್ಟೆಯ ತುದಿಗೆ ಕುಳಿತೆ. ಸುಮ್ಮನೆ ಮಾತಿಗೆಂದು, "ಆಕಿ ಬಂದು ಏನಂತ ಕರೀತಿದ್ಳಬೇ?" ಎಂದು ಕೇಳಿದೆ. ಶಿಕ್ಷಣದ ಮಹತ್ವವನ್ನು ಅವಳು ಯಾವ ಮಾತಿನಲ್ಲಿ ಹೇಳುತ್ತಿದ್ದಳೋ, ಒಂದೆರಡು ಮಾತು ನಾನೂ ಕಲಿತುಕೊಂಡರಾಯಿತು ಎಂಬುದು ನನ್ನ ಮನಸ್ಸಿನಲ್ಲಿತ್ತು.

"ಸಾಲಿ ಸುದ್ದಿ ಏನೂ ಹೇಳತಿದ್ದಿಲ್ರಿ ಆ ತಾಯಿ" ಎಂದಳು ಮುದುಕಿ. "'ಯವ್ವಾ, ನಾಳೆ ಒಂದೀಟು ಬಾರವಾ. ಮಂದಿ ಬರಲಿಲ್ಲಂದ್ರ ನಮ್ಮವ್ರು ಸಿಟ್ಟಿಗೆದ್ದು ಎಂಟೆಂಟು ದಿನ ಮಾತ ಬಿಡತಾರ. ಮನ್ಯಾಗ ಇರಾವ್ರ ಇಬ್ಬರು. ಅವ್ರೂ ಮಾತಾಡಲಿಲ್ಲಂದ್ರ ನಾ ಯಾರ ಕೂಡ ಮಾತಾಡ್ಲಿ?' ಅಂತಿದ್ರು. ನಗಕೋತ ಅಂತಿದ್ರು. ಪಾಪ, ಅಂತಂದು ನಾವು ಕೆಲಸಾ ಬಿಟ್ಟು ಬರತಿದ್ವಿ."

ನಾನು ಅಡುಗೆಯವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ಬೇರೆ ಕಡೆ ತಿರುಗಿದಳು. ಅವಳಿಗೆ ಗೊತ್ತಿತ್ತು. ಓಣಿಗೆ ಓಣಿಯೇ ಗೊತ್ತಿತ್ತು. ಇಡೀ ಊರಿನ ಹೆಂಗಸರು ಹನ್ನೆರಡು ವರ್ಷ ನನ್ನ ಭಾಷಣ ಕೇಳಲು ಬಂದದ್ದು ನನ್ನ ಹೆಂಡತಿಯ ಮೇಲಿನ ಕನಿಕರಕ್ಕೆ. ನಾಚಿಕೆ ಆಗಬೇಕಿತ್ತು, ಆಯಿತು ಕೂಡ.

ನಾನು ಕೆಟ್ಟವನಾಗಿರಲಿಲ್ಲ ಎಂದು ಹೇಳಿಕೊಳ್ಳುವ ಆಸೆ ಈಗಲೂ ಇದೆ. ಅವಳನ್ನು ಒಂದು ದಿನ ಹೊಡೆದವನಲ್ಲ, ಕೇಳಿದ್ದಕ್ಕೆ ಇಲ್ಲ ಎಂದವನಲ್ಲ. ಶಾಲೆಯಿಂದ ಬಂದಾಗ ನೀರಿನ ತಂಬಿಗೆ ಹಿಡಿದು, "ಏನಾತ್ರಿ ಇವತ್ತ ಸಾಲ್ಯಾಗ?" ಎಂದು ಅವಳು ದಿನವೂ ಕೇಳುತ್ತಿದ್ದಳು. ಏನಿಲ್ಲ ಎಂದು ನಾನು ದಿನವೂ ಹೇಳುತ್ತಿದ್ದೆ. ಶಾಲೆಯಲ್ಲಿ ಆರು ತಾಸು ಮಾತಾಡಿ ಬಂದವನು, ಮನೆಯಲ್ಲಿ ಬಾಯಿ ಬಿಡುವುದು ದಂಡ ಎಂದು ನನ್ನ ಎಣಿಕೆ. ಸಿಟ್ಟಿನ ದಿನಗಳಲ್ಲಿ ಅದೂ ಇಲ್ಲ. ಅವಳು ಒಂಟಿಯಾಗಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಮನೆಯಲ್ಲೇ ಇದ್ದೆನಲ್ಲ.

ಭರಣಿಯ ಮುಚ್ಚಳ ಹಾಕಿಕೊಂಡು ಎದ್ದೆ. ಮುದುಕಿ, "ಕಳಸ್ತೇವಿ ಹೋಗ್ರಿ" ಎಂದಳು. ಅವಳಿಗೆ ನಾನು ಹೇಗೆ ಕಂಡೆನೋ ತಿಳಿಯದು.

ಬುಧವಾರ ಹತ್ತಕ್ಕೆ ಮೂಲೆಯ ಕೋಣೆ ತುಂಬಿತು. ತಾಯಂದಿರು, ಅಜ್ಜಿಯರು, ಕಂಕುಳಲ್ಲಿ ಕೂಸುಗಳು. ಕೆಲವು ಕೆಂಪು ಕುರ್ಚಿಯೇ ಬೇಕೆಂದು ಅತ್ತವು. ಒಂದು ಹುಡುಗಿ ಗಿಳಿಯನ್ನು ಕೋಳಿ ಎಂದು ಕರೆದಳು, ಅದಕ್ಕೆ ಆ ಹೆಸರೇ ಗಟ್ಟಿಯಾಯಿತು. ಇಪ್ಪತ್ತಮೂರು ಮಕ್ಕಳು ದಾಖಲಾದವು. ಮಾಸ್ತರರಿಬ್ಬರೂ ದಾಖಲೆ ಪುಸ್ತಕವನ್ನು ಮತ್ತೆ ಮತ್ತೆ ತಿರುವಿ ನೋಡಿದರು. ತರಗತಿ ನಮ್ಮೂರಲ್ಲೇ ಉಳಿಯಿತು.

ಆರು ಪುಟ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ನಮ್ಮ ಮಾತಿನಲ್ಲಿಯೇ ನಾಲ್ಕು ಸಂಗತಿ ಹೇಳಿದೆ. ಇಲ್ಲಿ ಬರೆಸುವುದಕ್ಕೆ ಅವಸರ ಮಾಡುವುದಿಲ್ಲ, ಆಡಿಸುತ್ತೇವೆ, ಹಾಡಿಸುತ್ತೇವೆ. ಮೊದಲ ಎಂಟು ದಿನ ಅಳುತ್ತವೆ, ಬಾಗಿಲಲ್ಲಿ ನಿಂತು ನೀವೂ ಅಳಬೇಡಿ. ಬದಲಿಸಲು ಒಂದು ಜೊತೆ ಬಟ್ಟೆ ಕೊಟ್ಟು ಕಳಿಸಿ. ಆಮೇಲೆ ಕೊನೆಯದು. "ಕೂಸು ಮನಿಗೆ ಬಂದ ಮ್ಯಾಲ, ಇವತ್ತ ಸಾಲ್ಯಾಗ ಏನಾತು ಅಂತ ಕೇಳ್ರಿ. ಅದು ಹೇಳೂದನ್ನ ಕುಂತು ಪೂರಾ ಕೇಳ್ರಿ" ಎಂದೆ.

"ಏನಿಲ್ಲ ಅಂತಂದ್ರರಿ?" ಎಂದು ಒಬ್ಬ ತಾಯಿ ಕೇಳಿದಳು. ಸುತ್ತಲಿನವರು ನಕ್ಕರು.

"ಅಂದ್ರೂ ಕೇಳೂದು ಬಿಡಬ್ಯಾಡ್ರಿ" ಎಂದೆ. ಹಾಜರಿ ಪುಸ್ತಕ ತರುವ ನೆವ ಮಾಡಿ ಹೊರಗೆ ಹೋದೆ.

ಸಂಜೆ ಶಾಲೆಗೆ ಬೀಗ ಹಾಕಿ ಮನೆಗೆ ಬಂದೆ. ಕೈಕಾಲು ತೊಳೆದು ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತೆ. ಬೆಳಿಗ್ಗೆ ತೊಳೆದಿಟ್ಟ ಒಂದು ತಾಟು, ಒಂದು ಲೋಟ ಅಲ್ಲಿಯೇ ಇದ್ದವು. ಇಪ್ಪತ್ತಮೂರು ಮಕ್ಕಳು ಬಂದಾವು ಎಂದೆ, ಗಟ್ಟಿಯಾಗಿಯೇ. ದನಿ ನನಗೇ ಪರಕೀಯವಾಗಿ ಕೇಳಿಸಿತು. ನಿಲ್ಲಿಸಲಿಲ್ಲ. ಯಾವ ಓಣಿಯಿಂದ ಯಾರು ಬಂದರು, ಯಾವ ಕೂಸು ಅತ್ತಿತು, ಯಾವುದು ಕುರ್ಚಿ ಬಿಟ್ಟು ಏಳಲಿಲ್ಲ, ಗಿಳಿಗೆ ಏನೆಂದವು, ಕುರುಬರ ಓಣಿಯ ಹುಡುಗಿ ಅಡುಗೆಯವ್ವನ ಸೆರಗು ಹಿಡಿದದ್ದು, ಮಾಸ್ತರರು ಮೂರು ಸಲ ಎಣಿಸಿದ್ದು, ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಮದುವೆಯಾದ ಇಪ್ಪತ್ತೆಂಟು ವರ್ಷ ಅವಳು ಕೇಳಿದ್ದು ಇಷ್ಟೇ. ಹೇಳಲು ಹತ್ತು ನಿಮಿಷ ಹಿಡಿಯಿತು.